ನಾನು ಬರೆದುಕೊಟ್ಟ ತಾರೀಖು

ಆ ಹುಡುಗಿಯ ಕೇಸ್ ಪೇಪರಿನ ಮೇಲೆ ಹೆರಿಗೆಯ ತಾರೀಖು ಬರೆದವಳು ನಾನೇ. ಬೇರೆ ಯಾರಾದರೂ ಬರೆದಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನರ ಮುಂದೆ ಜಂಬದಿಂದ ಹೇಳಿ ಮುಗಿಸಿರುತ್ತಿದ್ದೆ. ತಪ್ಪು ನನ್ನದೇ ಆದದ್ದರಿಂದ ಬಾಯಿ ಬಿಡಲು ಇಷ್ಟು ದಿನ ಹಿಡಿಯಿತು.

ನಾಸಿಕದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ಸಿಸ್ಟರ್. ಹನ್ನೆರಡು ಹಾಸಿಗೆ, ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವ ಒಬ್ಬರು ಲೇಡಿ ಡಾಕ್ಟರು, ನಾವು ನಾಲ್ಕು ಜನ ನರ್ಸುಗಳು. ನನ್ನ ಊರು ಆಳಂದದ ಕಡೆ. ಇಡೀ ದಿನ ಮರಾಠಿಯಲ್ಲಿ ಬಾಯಿ ಸವೆಸುವವಳಿಗೆ ಕನ್ನಡದ ಪೇಶಂಟು ಬಂದರೆ ತವರಿನವರೇ ಬಂದಷ್ಟು ಸಂತೋಷ. ಪಂಚವಟಿಯಲ್ಲಿ ಬೀದರ, ಕಲಬುರಗಿ ಕಡೆಯ ವ್ಯಾಪಾರಸ್ಥರ ಮನೆಗಳು ಸಾಕಷ್ಟಿವೆ. ಅವರ ಹೆಂಗಸರು ಬಂದರೆ ಡಾಕ್ಟರ್ ಬಾಯಿ “ತುಮಚೀ ಮಾಣಸಂ ಆಲೀ” ಎಂದು ನಕ್ಕು, ನಿಮ್ಮವರು ಬಂದರು ನೀವೇ ನೋಡಿಕೊಳ್ಳಿ ಎನ್ನುವಂತೆ ನನ್ನ ಮೇಜಿಗೆ ಕಳಿಸಿಬಿಡುತ್ತಿದ್ದರು.

ಹುಡುಗಿ ಬಂದದ್ದು ಮಾಘ ಮಾಸದಲ್ಲಿ, ಅತ್ತೆಯ ಜೊತೆ. ಪಂಚವಟಿಯಲ್ಲಿ ಅವರದು ತಾಮ್ರ ಹಿತ್ತಾಳೆ ಪಾತ್ರೆಗಳ ಅಂಗಡಿ. ಮೂಲ ಬೀದರ ಜಿಲ್ಲೆ. ಹುಡುಗಿಯ ತವರು ಛತ್ರಪತಿ ಸಂಭಾಜಿನಗರ. ಅಲ್ಲೇ ಹುಟ್ಟಿ ಅಲ್ಲೇ ಓದಿದವಳು, ಹಾಗಾಗಿ ಕನ್ನಡ ಕಿವಿಗೆ ಚೆನ್ನಾಗಿ ಹತ್ತುತ್ತಿತ್ತೇ ಹೊರತು ಬಾಯಿಗೆ ಅಷ್ಟಕ್ಕಷ್ಟೆ. ಅತ್ತೆ ಅವಳ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದರು.

“ಇದು ಎರಡನೇದು ತಂಗಿ. ಮೊದಲನೇದು ಈಕಿ ತವರಾಗ ಆಯ್ತು. ಡಾಕ್ಟರ್ ಹೇಳಿದ ತಾರೀಖು ದಾಟ್ತು. ಇವತ್ತು ಬರ್ತದ, ನಾಳಿ ಬರ್ತದ ಅಂತ ಒಂಬತ್ತು ದಿನ ಕುಂತ್ರು. ಹತ್ತನೇ ದಿನ ನೋಡಿದ್ರ ಕೂಸು ಹೊಟ್ಟ್ಯಾಗೇ ಸುಮ್ಮಾಗಿತ್ತು. ಗಂಡುಕೂಸು. ತಲಿ ತುಂಬ ಕೂದಲಾ...” ಎಂದವರು ಮುಂದೆ ಹೇಳಲಾಗದೆ ಸೆರಗು ಬಾಯಿಗಿಟ್ಟುಕೊಂಡರು. ಹುಡುಗಿ ನೆಲ ನೋಡುತ್ತ ಕುಳಿತಿದ್ದಳು. ಆ ಮಗುವಿಗೆ ಮೊದಲ ಮೂರು ತಿಂಗಳಲ್ಲೇ ನಾಲ್ಕೈದು ಸಲ ಸೋನೋಗ್ರಾಫಿ ಮಾಡಿಸಿದ್ದರಂತೆ. ಯಂತ್ರ ಹೊಟ್ಟೆಗೆ ಮುಟ್ಟಿಸಿ ಮುಟ್ಟಿಸಿಯೇ ಹಾಳಾಯಿತು ಅಂತ ಅತ್ತೆಯ ನಂಬಿಕೆ. ಅದಕ್ಕೇ ಈ ಸಲ ಏಳನೇ ತಿಂಗಳು ಹಿಡಿಯುವವರೆಗೆ ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತಿಸಿರಲಿಲ್ಲ. ಬೈಯಬೇಕೆನ್ನಿಸಿತು, ಅವರ ಮುಖ ನೋಡಿ ಹೊಸ ಕೇಸ್ ಪೇಪರ್ ತೆಗೆದೆ.

ಕಡೆಯ ಮುಟ್ಟಿನ ದಿನ ಯಾವುದು ಎಂದು ಹುಡುಗಿಯನ್ನು ಕೇಳಿದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಉತ್ತರ ಬಂತು. “ಶ್ರಾವಣದ ಮೊದಲ ಸೋಮವಾರ. ಪಕ್ಕಾ ನೆನಪದ ನನಗ. ಉಪವಾಸ ಹಿಡಿಯೋ ದಿನಾನೇ ಹೊರಗಾದ್ಳು.”

ಮರಾಠಿ ಸಿಸ್ಟರಾಗಿದ್ದರೆ ಇಂಗ್ಲಿಷ್ ತಾರೀಖೇ ಬೇಕು ಅಂತ ಪಟ್ಟು ಹಿಡಿಯುತ್ತಿದ್ದಳೇನೋ. ನನಗೆ ಅದರ ಗರಜೇ ಬೀಳಲಿಲ್ಲ. ನಮ್ಮ ಹೆಂಗಸರು ತಾರೀಖು ನೆನಪಿಡುವುದಿಲ್ಲ, ಹಬ್ಬ ನೆನಪಿಡುತ್ತಾರೆ. ಅದು ನನಗೆ ಗೊತ್ತು, ಮತ್ತು ಗೊತ್ತೆಂಬ ಸೊಕ್ಕೂ ಇತ್ತು. ಬಾಗಿಲ ಹಿಂದೆ ಹಿಂದಿನ ವರ್ಷದ ಕ್ಯಾಲೆಂಡರು ಇನ್ನೂ ತೂಗುತ್ತಿತ್ತು. ಹಾಳೆ ಮಗುಚಿ ಶ್ರಾವಣ ಶುರುವಾದದ್ದು ನೋಡಿ, ಅದರ ಮೊದಲ ಸೋಮವಾರದ ತಾರೀಖು ಹಿಡಿದೆ. ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಏಪ್ರಿಲ್ ಕೊನೆ. ಕೆಂಪು ಪೆನ್ನಿನಲ್ಲಿ ಬರೆದು ಸುತ್ತ ಒಂದು ಗೆರೆಯನ್ನೂ ಹಾಕಿದೆ. ಬೆರಳು ಮಡಚಿ ತಿಂಗಳು ಎಣಿಸುವ ಅತ್ತೆಯೂ, ಆಸ್ಪತ್ರೆಯ ಲೆಕ್ಕ ತಮಗೇನು ತಿಳಿದೀತು ಎಂದು ಅದನ್ನೇ ನಂಬಿದರು.

ಸೋನೋಗ್ರಾಫಿಯಲ್ಲಿ ಮಗು ನಾಲ್ಕು ವಾರದಷ್ಟು ಸಣ್ಣದು ಎಂದು ಬಂತು. ಡಾಕ್ಟರ್ ಬಾಯಿ ನನ್ನನ್ನು ಕರೆದು, ತಾರೀಖು ಪಕ್ಕಾನಾ ಎಂದು ಕೇಳಿದರು.

“ಪಕ್ಕಾ ಮ್ಯಾಡಂ. ನನ್ನ ಭಾಷೆಯಲ್ಲೇ ಕೇಳಿ ಬರೆದಿದ್ದೀನಿ,” ಎಂದೆ.

ಅವರು ಇನ್ನೊಂದು ಸಲ ಕೇಳಲಿಲ್ಲ. ಮಗುವಿನ ಬೆಳವಣಿಗೆ ಕಮ್ಮಿ ಎಂದು ಬರೆದರು. ಅಲ್ಲಿಂದ ಮುಂದೆ ಆ ಹುಡುಗಿಯ ಗತಿ ದೇವರಿಗೇ ಪ್ರೀತಿ. ಪ್ರೋಟೀನ್ ಪುಡಿ, ಎರಡು ಹೊತ್ತು ಹಾಲು, ಶೇಂಗಾ ಉಂಡಿ, ಅಂಟಿನ ಉಂಡಿ. “ತಿನ್ನು, ಇನ್ನೊಂದು ತಿನ್ನು, ನಿನಗಲ್ಲ, ಅದಕ್ಕ” ಎಂದು ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೂ ಡಬ್ಬಿ ತೆರೆಯುತ್ತಿದ್ದರು. ಪ್ರತಿ ಸಲ ಟೇಪು ಹಿಡಿದು ಹೊಟ್ಟೆ ಅಳೆಯುತ್ತಿದ್ದವಳು ನಾನೇ. ಪ್ರತಿ ಸಲವೂ ನಾಲ್ಕೈದು ಸೆಂಟಿಮೀಟರ್ ಕಡಿಮೆ. ಆದರೆ ತಿಂಗಳಿಂದ ತಿಂಗಳಿಗೆ ಬೆಳೆಯಬೇಕಾದಷ್ಟು ಬೆಳೆಯುತ್ತಿತ್ತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಉಂಡಿ ಹಿಡಿಸಿದೆ ಎಂದುಕೊಂಡೆ.

ಏಪ್ರಿಲ್ ಕೊನೆ ಬಂತು, ಹೋಯಿತು. ನೋವಿನ ಸುಳಿವಿಲ್ಲ. ಎರಡನೆಯ ದಿನ ಅತ್ತೆ ಫೋನು ಮಾಡಿದರು. ನಾಲ್ಕನೆಯ ದಿನ ಮೂರು ಸಲ ಮಾಡಿದರು. ಆರನೆಯ ದಿನ ಮಗನನ್ನು ಅಂಗಡಿ ಮುಚ್ಚಿಸಿ ಕರೆದುಕೊಂಡು ಬಂದು ಬೆಂಚಿನ ಮೇಲೆ ಕುಳಿತರು. “ಒದಿಲತ್ತದ?” ಎಂದು ಹುಡುಗಿಯನ್ನು ಗಳಿಗೆಗೊಮ್ಮೆ ಕೇಳುತ್ತಿದ್ದರು. ಅವಳು ಹೂಂ ಎಂದರೂ ನಂಬದೆ ತಾವೇ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಎಂಟನೆಯ ದಿನ ಬೆಳಿಗ್ಗೆ ಅಡ್ಮಿಟ್ ಮಾಡಿದೆವು.

ಡಾಕ್ಟರ್ ಬಾಯಿ ಒಳಗಿನ ತಪಾಸಣೆ ಮಾಡಿದರು. ಗರ್ಭದ ಬಾಯಿ ಗಟ್ಟಿ, ಬೆರಳು ಕೂಡ ಹೋಗುವಂತಿಲ್ಲ. ನೀರು ಸಾಕಷ್ಟಿದೆ. ಬಡಿತ ಚೆನ್ನಾಗಿದೆ. ಆದರೆ ಪೇಪರಿನ ಪ್ರಕಾರ ನಲವತ್ತೊಂದು ವಾರ ದಾಟಿದೆ, ಮಗು ಸಣ್ಣದು, ತಾಯಿ ಹಿಂದೊಮ್ಮೆ ಹೊಟ್ಟೆಯಲ್ಲೇ ಮಗು ಕಳೆದುಕೊಂಡವಳು. ಇಂಥದ್ದನ್ನು ಯಾವ ಡಾಕ್ಟರೂ ಕಾಯಿಸುವುದಿಲ್ಲ. ಮಾರನೆಯ ದಿನ ಸಂಜೆ ಐದಕ್ಕೆ ಸಿಝೇರಿಯನ್ ಎಂದು ನಿಶ್ಚಯವಾಯಿತು. ಅರಿವಳಿಕೆ ಡಾಕ್ಟರು ಸಿಗುವುದು ಆಗಲೇ. ಅತ್ತೆ ಕೈಯೆತ್ತಿ ಮುಗಿದರು. “ಕೊಯ್ದರ ಕೊಯ್ರಿ, ಒಂದು ಜೀವಂತ ಕೂಸು ಕೈಯಾಗ ಕೊಡ್ರಿ.”

ಅಂದೇ ಮಧ್ಯಾಹ್ನ ನಾನು ಒಪ್ಪಿಗೆ ಪತ್ರ ತುಂಬಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕುಳಿತು ತಮ್ಮಷ್ಟಕ್ಕೆ ತಾವೇ ಮಾತಾಡುತ್ತಿದ್ದರು, ಎದೆಯ ಭಾರ ಇಳಿಸುವವರ ಹಾಗೆ.

“ಪಂಚಮಿ ದಿನ ಈಕಿ ನಾಗಪ್ಪಗ ಹಾಲು ಹಾಕ್ಲಿಲ್ಲ ತಂಗಿ. ಅದೇ ನನಗ ಕೊರಿಲತ್ತದ. ಸೋಮವಾರ, ಪಂಚಮಿ ಎರಡೂ ಒಂದೇ ದಿನ ಕೂಡಿ ಬಂದಿದ್ವು. ಎಂಥಾ ದಿನ! ಅವತ್ತೇ ಹೊರಗಾಗಿ ಕುಂತಳು. ಅದಕ್ಕೇ ಹಿಂಗ ಆಗ್ಲತ್ತದೇನೋ.”

“ಯಾವ ಸೋಮವಾರ ಅಂದ್ರಿ?”

“ಅದೇನ, ನಿನಗ ಹೇಳಿದ್ದೆನಲ್ಲ. ಶ್ರಾವಣದ ಮೊದಲನೇದು.”

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಆ ವರ್ಷ ಶ್ರಾವಣ ಎರಡು ಬಂದಿತ್ತು. ಮೊದಲು ಅಧಿಕ ಶ್ರಾವಣ, ಅದು ಮುಗಿದ ಮೇಲೆ ನಿಜ ಶ್ರಾವಣ. ಅಧಿಕ ಮಾಸದಲ್ಲಿ ಹಬ್ಬವಿಲ್ಲ ಹುಣ್ಣಿಮೆಯಿಲ್ಲ. ನಾಗರ ಪಂಚಮಿಯಂತೂ ನಿಜ ಶ್ರಾವಣದಲ್ಲೇ. ನಮ್ಮ ಕಡೆಯ ಹೆಂಗಸು ಶ್ರಾವಣ ಸೋಮವಾರ ಎಂದರೆ ಅದು ನಿಜದ್ದೇ, ಇನ್ನೊಂದು ಅವಳ ಲೆಕ್ಕಕ್ಕೇ ಇಲ್ಲ. ನಾನು ಕ್ಯಾಲೆಂಡರಿನಲ್ಲಿ ಶ್ರಾವಣ ಎಂಬ ಅಕ್ಷರ ಮೊದಲು ಕಂಡಲ್ಲೇ ಬೆರಳಿಟ್ಟಿದ್ದೆ. ಅದರ ಮುಂದಿದ್ದ ‘ಅಧಿಕ’ವನ್ನು ನೋಡಿರಲಿಲ್ಲ. ಅಂದರೆ ಈ ಹುಡುಗಿಗೆ ದಿನ ದಾಟಿಯೇ ಇಲ್ಲ. ಇನ್ನೂ ಮೂರು ವಾರ ಬಾಕಿ.

ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಸುಮ್ಮನಿದ್ದುಬಿಡಬಹುದಿತ್ತು. ನಾಳೆ ಮಗು ತೆಗೆಯುತ್ತಾರೆ, ಸಣ್ಣದು ಎಂದು ಮೊದಲೇ ಬರೆದಿದೆ, ಯಾರೂ ನನ್ನ ಕೆಂಪು ಪೆನ್ನಿನತ್ತ ಬೊಟ್ಟು ಮಾಡುವುದಿಲ್ಲ. ಈ ಯೋಚನೆ ನನಗೆ ಬಂದದ್ದು ಸುಳ್ಳಲ್ಲ. ಆದರೆ ನಮ್ಮಲ್ಲಿ ಉಸಿರಿಗೆ ಒದ್ದಾಡುವ ಮಗುವನ್ನು ಇಡುವ ಗಾಜಿನ ಪೆಟ್ಟಿಗೆಯಿಲ್ಲ, ಮಕ್ಕಳ ಡಾಕ್ಟರು ಕರೆದರೆ ಬರುವವರು. ದಿನ ತುಂಬದೆ ನೋವಿಲ್ಲದೆ ಕೊಯ್ದು ತೆಗೆದ ಮಕ್ಕಳು ಹೇಗೆ ಮೂಗು ಅರಳಿಸಿ ಎದೆ ಸೆಳೆದುಕೊಳ್ಳುತ್ತವೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಮುಖ ತೊಳೆದುಕೊಂಡು ಡಾಕ್ಟರ್ ಬಾಯಿಯ ಕೋಣೆಗೆ ಹೋಗಿ ಹೇಳಿದೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೇಸ್ ಪೇಪರ್ ಮುಂದಿಟ್ಟುಕೊಂಡು ಕೇಳಿದರು. “ಅವತ್ತು ಪಕ್ಕಾ ಅಂದವಳು ನೀನು. ಇವತ್ತು ಅಲ್ಲ ಅನ್ನುವವಳೂ ನೀನು. ನಾನು ಯಾವುದನ್ನು ನಂಬಲಿ? ನಿನ್ನ ಇವತ್ತಿನ ಮಾತು ಸರಿಯಿದ್ದು ನಾನು ಕೊಯ್ದರೆ ಹಸಿ ಮಗು ಹೊರಬರುತ್ತದೆ. ನಿನ್ನ ಹಳೆಯ ಮಾತು ಸರಿಯಿದ್ದು ನಾನು ಕಾದರೆ ಆ ಮನೆಯಲ್ಲಿ ಎರಡನೇ ಹೆಣ ಬೀಳುತ್ತದೆ. ಕೊನೆಯ ತಿಂಗಳ ಸೋನೋಗ್ರಾಫಿ ತೋರಿಸುವ ದಿನದ ಲೆಕ್ಕ ನಂಬುವಂತಿಲ್ಲ. ಮೊದಲ ಮೂರು ತಿಂಗಳ ಒಂದು ಕಾಗದ ತಂದುಕೊಡು, ಕಾಯುತ್ತೇನೆ. ಇಲ್ಲದಿದ್ದರೆ ನಾಳೆ ಐದಕ್ಕೆ ಟೇಬಲ್.”

ಇಲ್ಲದ ಕಾಗದ ಎಲ್ಲಿಂದ ತರಲಿ? ತಲೆ ಕೆಟ್ಟು ಕೂತೆ. ಸಂಜೆ ನಾಲ್ಕಕ್ಕೆ ಹುಡುಗಿಯ ಹೊಟ್ಟೆಗೆ ಬೆಲ್ಟು ಕಟ್ಟಿ ಮಗುವಿನ ಬಡಿತದ ಪಟ್ಟಿ ತೆಗೆಯುವಾಗ ಅತ್ತೆಯನ್ನು ಚಹಾಕ್ಕೆ ಕಳಿಸಿದೆ. ನನ್ನ ತಪ್ಪನ್ನು ಅವಳಿಗೇ ಮೊದಲು ಹೇಳಿದೆ. ಅವಳು ಅತ್ತಳು. ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡರೆ, ಅದಲ್ಲ.

“ನನಗ ಮಾಹೀತ ಇತ್ತು ಸಿಸ್ಟರ್,” ಎಂದಳು. ಗೊತ್ತಿತ್ತು ಎನ್ನಲು ಅವಳಿಗೆ ಸಿಕ್ಕಿದ್ದು ಮರಾಠಿ ಮಾತು. “ದಿವಾಳಿಗೆ ತವರಿಗೆ ಹೋಗಿದ್ದೆನಲ್ಲ, ಅಮ್ಮ ಚೋರೂನ್, ಯಾರಿಗೂ ಹೇಳದ, ಸೋನೋಗ್ರಾಫಿ ಮಾಡಿಸಿದ್ಲು. ಬಾರಾ ಆಠವಡೆ ಅಂದ್ರು. ಮೇ ಕೊನಿಗೆ ಡಿಲಿವರಿ ಅಂದ್ರು.”

“ಹನ್ನೆರಡು ವಾರ ಅಂದ್ರಾ? ಹುಚ್ಚಿ! ಮತ್ತ ಇಷ್ಟು ದಿನ ಬಾಯಾಗೇನು ಕಡಬು ಇಟ್ಟುಕೊಂಡಿದ್ದಿ?”

“ಅತ್ತಿ ಮುಂದ ಹ್ಯಾಂಗ ಹೇಳಲಿ? ನಕೋ, ಬ್ಯಾಡ ಅಂದಿದ್ರು. ಕೂಸಿಗೆ ಏನರ ಆದ್ರ ನಿಮ್ಮ ಅಮ್ಮನೇ ಕೊಂದ್ಳು ಅಂತಾರ. ಪ್ಲೀಜ್, ನೀವೂ ಹೇಳಬ್ಯಾಡ್ರಿ ನಾ.” ನನ್ನ ಸೆರಗಿಲ್ಲದ ಯೂನಿಫಾರ್ಮಿನ ತೋಳನ್ನೇ ಹಿಡಿದು ಜಗ್ಗುತ್ತಿದ್ದಳು. ಆ ರಿಪೋರ್ಟನ್ನು ಅವಳಮ್ಮ ಬೀಗರ ಕೈಗೆ ಸಿಗಬಾರದೆಂದು ಹರಿದು ಎಸೆದುಬಿಟ್ಟಿದ್ದಳು.

ಆದರೆ ಸೋನೋಗ್ರಾಫಿ ಮಾಡುವವರು ಕಾನೂನಿನ ಪ್ರಕಾರ ಪ್ರತಿಯೊಬ್ಬರ ಅರ್ಜಿ, ದಾಖಲೆ ಇಟ್ಟುಕೊಂಡಿರಲೇಬೇಕು. ಸಂಭಾಜಿನಗರದ ಆ ಕೇಂದ್ರಕ್ಕೆ ಫೋನು ಹಚ್ಚಿದೆ. ಫೋನಿನಲ್ಲಿ ಏನೂ ಕೊಡುವುದಿಲ್ಲ ಎಂದರು. ಅವಳಮ್ಮ ಸಂಜೆಯೇ ಹೋಗಿ ಕೇಳಿದಳು. ಆಧಾರ್ ಕಾರ್ಡಿನಲ್ಲಿ ಇನ್ನೂ ತವರಿನ ಹೆಸರು, ನಮ್ಮ ಪೇಪರಿನಲ್ಲಿ ಗಂಡನ ಮನೆಯ ಹೆಸರು, ಅವಳೇ ಇವಳು ಎಂಬುದಕ್ಕೆ ಡಾಕ್ಟರ ಸಹಿಯ ಪತ್ರ ಬೇಕೆಂದರು. ಡಾಕ್ಟರ್ ಬಾಯಿ ಪತ್ರ ಬರೆದು, ಸಿಕ್ಕಾ ಹಾಕಿ ಕೊಟ್ಟರು. ಮಾರನೆಯ ದಿನ ನನ್ನ ರಜೆ ಬರೆಸಿ ಬೆಳಗಿನ ಮೊದಲ ಎಸ್‌.ಟಿ. ಹಿಡಿದೆ.

ಯೇವಲೆ, ವೈಜಾಪುರ ದಾಟುವಾಗಲೇ ಬಿಸಿಲು ಕಿಟಕಿಯ ಸರಳು ಮುಟ್ಟಲಾಗದಷ್ಟು ಏರಿತ್ತು. ಹುಡುಗಿಯ ತಾಯಿ ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ಗಾಬರಿಗೆ ಚಪ್ಪಲಿ ಕೂಡ ಬೇರೆ ಬೇರೆ ಜೋಡಿಯವು. ರಿಕ್ಷಾದಲ್ಲಿ ಕೇಂದ್ರಕ್ಕೆ ಹೋದೆವು. ಕೌಂಟರಿನವನು ಪತ್ರ ಓದಿದ, ಹಿಂದೆ ಮುಂದೆ ತಿರುಗಿಸಿದ, ಡಾಕ್ಟರ್ ಹನ್ನೊಂದಕ್ಕೆ ಬರುತ್ತಾರೆ ಎಂದ. ಹನ್ನೊಂದಕ್ಕೆ ಡಾಕ್ಟರ್ ಬಂದರು. ದೀಪಾವಳಿ ವಾರದ ಫೈಲು ತೆಗೆಸಿದರು. ಎರಡು ಸಲ ಹುಡುಕಿದರೂ ಸಿಗದೆ, ಮೂರನೆಯ ಸಲ ನಾನೇ ಒಳಗೆ ಹೋಗಿ ಒಂದೊಂದೇ ಹಾಳೆ ಮಗುಚಿದೆ. ಸಿಕ್ಕಿತು. ಹನ್ನೆರಡು ವಾರ, ಮಗುವಿನ ಉದ್ದ, ಬಡಿತ, ಮೇ ಕೊನೆಯ ತಾರೀಖು, ಎಲ್ಲ ಇತ್ತು. ನಿಜ ಶ್ರಾವಣದ ಪಂಚಮಿಯಿಂದ ಎಣಿಸಿ ನೋಡಿದೆ. ಒಂದು ದಿನ ಕೂಡ ಆಚೀಚೆಯಿಲ್ಲ. ಸಂತೋಷವಾಯಿತೋ ನಾಚಿಕೆಯಾಯಿತೋ, ಎರಡೂ ಒಟ್ಟಿಗೇ ಆಯಿತು. ಫೋಟೋ ತೆಗೆದು ಡಾಕ್ಟರ್ ಬಾಯಿಗೆ ಕಳಿಸಿದೆ.

ಬಸ್ ಹತ್ತುವಾಗ ತಾಯಿಯೂ ಹಿಂದಿನಿಂದ ಹತ್ತಿದಳು. “ನಾನೂ ಬರ್ತೀನ್ರಿ. ಬೈಸ್ಕೊಳ್ಳೋದು ಅದ, ಎದುರಿಗೇ ಬೈಸ್ಕೋತೀನಿ,” ಎಂದಳು.

ವೈಜಾಪುರ ದಾಟಿದ ಮೇಲೆ ಫೋನು ಬಂತು. ನಮ್ಮ ಜೂನಿಯರ್ ಸಿಸ್ಟರ್. ಮಧ್ಯಾಹ್ನದ ಪಟ್ಟಿಯಲ್ಲಿ ಮಗುವಿನ ಬಡಿತ ಇದೆ, ಆದರೆ ನಡುನಡುವೆ ಏರಬೇಕಾದಂತೆ ಏರುತ್ತಲೇ ಇಲ್ಲ, ಇಪ್ಪತ್ತು ನಿಮಿಷದಿಂದ ಗೆರೆ ಸಪಾಟಾಗಿದೆ, ಡಾಕ್ಟರ್ ಬಾಯಿ ಥಿಯೇಟರ್ ತಯಾರು ಮಾಡಲು ಹೇಳಿದ್ದಾರೆ. ಕಾಗದ ಬಂದಿದೆಯಲ್ಲ ಎಂದೆ. “ಮ್ಯಾಡಂ ಹೇಳಿದ್ರು, ಕಾಗದ ಸರಿಯಿದ್ರೆ ಸಾಲದು, ಮಗು ಸರಿಯಿರಬೇಕು ಅಂತ,” ಎಂದಳು. ಅದೂ ನಿಜವೇ. ಪಕ್ಕದಲ್ಲಿದ್ದ ತಾಯಿಗೆ ನನ್ನ ಮುಖ ಕಾಣದಿರಲೆಂದು ಕಿಟಕಿಯ ಕಡೆ ತಿರುಗಿದೆ. ಇಷ್ಟು ವರ್ಷದಲ್ಲಿ ನಾನು ಎಷ್ಟೋ ಮನೆಯವರಿಗೆ ‘ಧೈರ್ಯ ತಂದುಕೊಳ್ಳಿ’ ಎಂದಿದ್ದೇನೆ. ಬಸ್ಸಿನಲ್ಲಿ ಕುಳಿತು ಅದನ್ನು ನನಗೇ ಹೇಳಿಕೊಂಡೆ. ಕವಡೆ ಕಿಮ್ಮತ್ತಿಲ್ಲದ ಮಾತು.

ಆಗ ಏನೋ ಹೊಳೆದು ಮತ್ತೆ ಫೋನು ಮಾಡಿದೆ. “ಆಕೆ ಬೆಳಿಗ್ಗೆ ಏನು ತಿಂದಿದ್ದಾಳೆ?” ಏನೂ ಇಲ್ಲ. ಆಪರೇಷನ್ ಇದೆಯೆಂದು ಅತ್ತೆ ಹಿಂದಿನ ಸಂಜೆಯಿಂದಲೇ ನೀರು ಕೂಡ ಮುಟ್ಟಲು ಬಿಟ್ಟಿರಲಿಲ್ಲ. ನಾವು ಹೇಳಿದ್ದು ಬೆಳಗಿನ ತಿಂಡಿಯ ನಂತರ ಬೇಡ ಎಂದು. ಹೊಟ್ಟೆ ಖಾಲಿಯಿದ್ದ ತಾಯಿಯ ಮಗು ಮಂಕಾಗಿ ಮಲಗಿಬಿಡುವುದು ನಾವು ಆಗಾಗ ಕಾಣುವುದೇ. ಜೂನಿಯರ್ ಓಡಿಹೋಗಿ ಡಾಕ್ಟರಿಗೆ ಹೇಳಿದಳು. ಗ್ಲೂಕೋಸ್ ಹಚ್ಚಿ, ಎಡಕ್ಕೆ ಮಗ್ಗುಲಾಗಿ ಮಲಗಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಪಟ್ಟಿ ತೆಗೆಯಲು ಅವರು ಒಪ್ಪಿದರು. ಆ ಅರ್ಧ ಗಂಟೆ ನಾನು ಫೋನಿನ ಮೇಲಿಂದ ಕಣ್ಣು ಕೀಳಲಿಲ್ಲ. ಯೇವಲೆಯ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಸಂದೇಶ ಬಂತು: ಮಗು ಒದೆಯುತ್ತಿದೆ, ಬಡಿತ ಏರಿದೆ. ನಾನು ಹೋ ಎಂದು ಅತ್ತುಬಿಟ್ಟೆ. ಹುಡುಗಿಯ ತಾಯಿಗೆ ಎಲ್ಲ ಹೇಳಿದ್ದು ಆಮೇಲೆಯೇ.

ನಾಲ್ಕೂವರೆಗೆ ಆಸ್ಪತ್ರೆ ಮುಟ್ಟಿದೆವು. ಡಾಕ್ಟರ್ ಬಾಯಿ ಕಾಗದವನ್ನು ಎರಡು ಸಲ ಓದಿ, ಮೂವತ್ತೇಳು ವಾರ ಈಗಷ್ಟೇ ತುಂಬಿದೆ ಎಂದರು. ಅತ್ತೆ, ಮಗ, ಬೀಗಿತಿ ಎಲ್ಲರನ್ನೂ ಹುಡುಗಿಯ ಹಾಸಿಗೆಯ ಸುತ್ತ ನಿಲ್ಲಿಸಿದರು. ನಾನೇ ಹೇಳಿದೆ. ಶ್ರಾವಣ ಎರಡಿದ್ದದ್ದು, ನಾನು ತಪ್ಪು ಎಣಿಸಿದ್ದು, ದಿನ ದಾಟಿಯೇ ಇಲ್ಲವೆನ್ನುವುದು. ದೀಪಾವಳಿಯ ಸೋನೋಗ್ರಾಫಿಯನ್ನು ತಾಯಿಯೇ ಹೇಳಿದಳು.

ಅತ್ತೆ ಮೊದಲು ಬೀಗಿತಿಯ ಮೇಲೆ ಹರಿಹಾಯ್ದರು, ಆಮೇಲೆ ನನ್ನ ಕಡೆ ತಿರುಗಿದರು. “ನಮ್ಮ ಊರ ಕಡೆ ಹೆಣ್ಣುಮಗಳು ಅಂತ ನಂಬಿದ್ದೆ. ಎರಡೂವರಿ ತಿಂಗಳು ಈಕಿನ್ನ ಉಂಡಿ ಉಣಿಸಿ ಉಣಿಸಿ ಹಣ್ಣು ಮಾಡೀನಿ ನಾ. ಕೂಸು ಸಣ್ಣದು ಅಂತ ರಾತ್ರಿ ನಿದ್ದಿ ಇಲ್ಲ ನನಗ. ಈಗ ಬಂದು ಕಾಯ್ರಿ ಅಂತೀರಿ? ಮೊದಲನೇ ಸಲದ ಡಾಕ್ಟರೂ ಹಿಂಗೇ ಅಂದಿದ್ರು, ಕಾಯ್ರಿ ಅಂತ! ನಾಳಿ ಏನರ ಆದ್ರ ನೀವು ಎತ್ತಿ ಕೊಡ್ತೀರೇನು ಕೂಸಾ?” ಬೇರೆ ಆಸ್ಪತ್ರೆಗೆ ಒಯ್ಯೋಣ, ಕೊಯ್ಯುವವರು ಸಿಗುತ್ತಾರೆ ಎಂದು ಮಗನಿಗೆ ಹೇಳಿದರು. ಅವನು ಒಮ್ಮೆ ತಾಯಿಯ ಮುಖ, ಒಮ್ಮೆ ಹೆಂಡತಿಯ ಮುಖ ನೋಡುತ್ತಿದ್ದ.

“ನಾ ಕಾಯ್ತೀನಿ,” ಎಂದಳು ಹುಡುಗಿ.

ಅತ್ತೆಯ ಎದುರಿಗೆ ಅವಳ ಬಾಯಿಂದ ಬಂದ ಮೊದಲ ಪೂರ್ತಿ ಮಾತು ನಾನು ಕೇಳಿದ್ದು ಅದೇ. “ಅತ್ತಿ, ಮೊದಲನೇ ಸಲ ಅದು ಒದಿಯೋದು ಕಮಿ ಆಗಿತ್ತು. ನಾ ಹೇಳಿದ್ದೆ, ಯಾರೂ ಕೇಳ್ಲಿಲ್ಲ. ಇದು ಒದಿಲತ್ತದ. ಕಮಿ ಆದ್ರ ನಾನೇ ಹೇಳ್ತೀನಿ, ಆಗ ಕೊಯ್ರಿ.” ದನಿ ನಡುಗುತ್ತಿತ್ತು, ಮಾತು ಬದಲಾಗಲಿಲ್ಲ. ಅತ್ತೆ ಗೋಡೆಗೆ ಒರಗಿದರು. ಥಿಯೇಟರ್ ರದ್ದಾಯಿತು.

ಮುಂದಿನ ಮೂರು ವಾರ ಎರಡು ದಿನಕ್ಕೊಮ್ಮೆ ಅವರು ಬರುತ್ತಿದ್ದರು. ಊಟವಾದ ಮೇಲೆ ಮಗು ಎಷ್ಟು ಸಲ ಒದ್ದಿತು ಎಂದು ಹುಡುಗಿ ಒಂದು ವಹಿಯಲ್ಲಿ ಗೀಟು ಹಾಕಿ ತರುತ್ತಿದ್ದಳು. ಅತ್ತೆ ಫೈಲನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನನ್ನನ್ನು ದಾಟಿ ಹೋಗಿ, ಕನ್ನಡದ ಒಂದಕ್ಷರ ಬಾರದ ಜೂನಿಯರ್‌ಗೆ ಕೊಟ್ಟು, ಹರಕು ಮರಾಠಿಯಲ್ಲಿ ಮಾತಾಡುತ್ತಿದ್ದರು. ಹೊಸ ಪೇಶಂಟುಗಳ ತಾರೀಖು ಬರೆಯುವ ಕೆಲಸವನ್ನು ಡಾಕ್ಟರ್ ಬಾಯಿ ನನ್ನಿಂದ ತೆಗೆದರು. ಸರಿಯೇ ಮಾಡಿದರು. ಹಾಗಂತ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಮನೆಯಲ್ಲಿ ಗಂಡನ ಮೇಲೆ ಹರಿಹಾಯ್ದೆ. ಆ ಮನುಷ್ಯ ಪಾಪ, ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದಷ್ಟೇ ಹೇಳಿದ್ದ.

ಮೇ ಕೊನೆ ಬಂತು. ನಿಜವಾದ ತಾರೀಖು. ಬೆಳಿಗ್ಗೆಯಿಂದ ನೋವಿಲ್ಲ. ಸಂಜೆಗೂ ಇಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಅತ್ತೆ ಬೆಂಚಿನ ಮೇಲೆ ಬಂದು ಕುಳಿತು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ನಾಲ್ಕನೆಯ ದಿನ ನನ್ನ ಕೈಲಿ ತಡೆಯಲಾಗಲಿಲ್ಲ. ಡಾಕ್ಟರ್ ಬಾಯಿಯ ಕೋಣೆಗೆ ಹೋಗಿ, “ಮ್ಯಾಡಂ, ತೆಗೆದುಬಿಡೋಣ,” ಎಂದೆ.

“ಪಟ್ಟಿ ಚೆನ್ನಾಗಿದೆಯಾ?”

“ಇದೆ.”

“ನೀರು?”

“ಸಾಕಷ್ಟಿದೆ.”

“ಮತ್ತೆ ಯಾರ ಭಯ ಇದು? ಮಗುವಿನದೋ, ನಿನ್ನದೋ?”

ನನ್ನದು ಎಂದೆ. ಕಾಯಿರಿ ಎಂದು ಹಟ ಹಿಡಿದು ಅಷ್ಟು ದೂರ ಓಡಿದ್ದವಳು, ಈಗ ಕಾಯಲಾರೆ ಎಂದು ಅವರ ಮುಂದೆ ನಿಂತಿದ್ದೆ. ಏಳನೆಯ ದಿನದವರೆಗೆ ನೋಡೋಣ, ಆಗಲೂ ಬರದಿದ್ದರೆ ನೋವು ಬರಿಸುವ ಜೆಲ್ ಹಾಕೋಣ ಎಂದರು. ಹೋಗಿ ಕೆಲಸ ನೋಡು ಎಂದರು.

ಐದನೆಯ ದಿನ ಬೆಳಿಗ್ಗೆ ಏಳಕ್ಕೆ ನೋವು ತಾನಾಗಿ ಶುರುವಾಯಿತು. ಮಧ್ಯಾಹ್ನ ನೀರು ಒಡೆದಾಗ ತುಸು ಹಸಿರಿತ್ತು. ಮಗು ಒಳಗೇ ಹೊಲಸು ಮಾಡಿಕೊಂಡಿದೆ ಎಂದರ್ಥ. ದಿನ ದಾಟಿದಾಗ ಆಗುವಂಥದ್ದೇ, ಆದರೂ ಫೋನಿಗೆ ಓಡಿದೆ. ಮಕ್ಕಳ ಡಾಕ್ಟರನ್ನು ಕರೆಸಿದೆವು. ಪ್ರತಿ ನೋವಿನ ನಂತರ ಬಡಿತ ಎಣಿಸುತ್ತಿದ್ದೆ, ಬೆರಳು ಮರಗಟ್ಟಿದ್ದವು. ಹುಡುಗಿ ಮರಾಠಿಯಲ್ಲಿ ದೇವರನ್ನು, ಕನ್ನಡದಲ್ಲಿ ನನ್ನನ್ನು ಬೈಯುತ್ತಿದ್ದಳು. ಎರಡು ಗಂಟೆ ದಾಟಿ ಮೂರರ ಹೊತ್ತಿಗೆ ಮಗು ಹೊರಬಂತು. ಹೆಣ್ಣು. ಎರಡೂ ಮುಕ್ಕಾಲು ಕಿಲೋ. ಬಂದದ್ದೇ ಅಳಲಿಲ್ಲ. ಬಾಯಿ ಮೂಗು ಸೋಸಿದರು, ನಾನು ಬಟ್ಟೆಯಲ್ಲಿ ಬೆನ್ನು ತಿಕ್ಕಿದೆ, ಅಂಗಾಲಿಗೆ ಬಡಿದೆ. ಅಳು, ಅಳೇ ನಮ್ಮವ್ವಾ, ಎಂದು ಗಟ್ಟಿಯಾಗಿ ಹೇಳುತ್ತಿದ್ದೆನಂತೆ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಕಿಟಾರನೆ ಕಿರುಚಿತು.

ಬಾಗಿಲು ತೆರೆದು ಹೊರಗೆ ಬಂದೆ. ಅತ್ತೆ ಗೋಡೆ ಹಿಡಿದು ನಿಂತಿದ್ದರು. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

“ಉಸಿರಾಡ್ಲತ್ತದ?”

“ಆಡ್ಲತ್ತದ್ರಿ ಯವ್ವಾ. ಆಸ್ಪತ್ರಿ ಎತ್ತಿ ಹೋಗೋ ಹಂಗ ಅಳ್ಲತ್ತದ. ಹೆಣ್ಣು.”

ಒಳಗೆ ಕರೆದುಕೊಂಡು ಹೋದೆ. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಜೂನಿಯರ್ ಅವರ ತೋಳಿಗೆ ಕೊಟ್ಟಳು. ಅವರು ಅದರ ಮೂಗಿನ ಹತ್ತಿರ ಕೆನ್ನೆ ಒಡ್ಡಿ ಉಸಿರು ತಾಗುವವರೆಗೆ ನಿಂತರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಮೂರು ವಾರದ ಮೇಲೆ ಮೊದಲ ಸಲ.

“ನೀ ಮಾಡಿದ್ದು ನಾ ಸಾಯೋ ತನಕ ಮರಿಯಂಗಿಲ್ಲ,” ಎಂದರು.

“ಗೊತ್ರಿ.”

“ಅಂದ್ರ ಎರಡೂ ಅಂತೀನಿ. ತಾರೀಖು ತಪ್ಪು ಬರದದ್ದೂ, ಹೋಗಿ ಕಾಗದ ತಂದಿದ್ದೂ.” ಕಣ್ಣು, ಮೂಗು ಎಲ್ಲ ಒಂದೇ ಸಮ ಸುರಿಯುತ್ತಿದ್ದವು ಅವರಿಗೆ. “ತಗೋ, ಹಿಡಿ ಇದನ್ನ. ನಾ ಮುಖ ತೊಳ್ಕೊಂಡು ಬರ್ತೀನಿ. ಬ್ಯಾರೆ ಯಾರ ಕೈಗೂ ಕೊಡಬ್ಯಾಡ.”